ಕಣ್ಣಿಗೆ ಇಂಜೆಕ್ಷನ್ನಾ, ಲೇಸರ್ರಾ? ಅಧ್ಯಯನಗಳನ್ನು ಓದಿ ಇನ್ನೂ ಗೊಂದಲ ಆಗಿದೆ

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ, ಶುಗರ್ ಬಂದು 18 ವರ್ಷ ಆಯಿತು. ಎರಡು ತಿಂಗಳ ಹಿಂದೆ, ಬಾಗಿಲಿನ ಚೌಕಟ್ಟು ನಡುವೆ ಸೊಟ್ಟಗೆ ಕಾಣುತ್ತದೆ ಅಂದರು. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡು ನಾನೇ ತಡ ಮಾಡಿದೆ. ಆ ಬೇಜಾರು ಇನ್ನೂ ಹೋಗಿಲ್ಲ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡಿದಾಗ ಗೊತ್ತಾಯಿತು, ಎಡಗಣ್ಣಿನ ಮ್ಯಾಕುಲಾದಲ್ಲಿ, ಅಂದರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಟ್ಟನಡುವೆ, ನೀರು ಸೇರಿ ಊದಿಕೊಂಡಿದೆ. ಬಲಗಣ್ಣು ಚೆನ್ನಾಗೇ ಕಾಣುತ್ತದೆ, ಆದರೆ ಅದರೊಳಗೆ ಹೊಸ ರಕ್ತನಾಳಗಳು ಬೆಳೆಯುತ್ತಿವೆಯಂತೆ. ಚೆನ್ನಾಗಿ ಕಾಣುವ ಕಣ್ಣೇ ಜಾಸ್ತಿ ಅಪಾಯದಲ್ಲಿದೆ ಅಂದರೆ ಅಮ್ಮನಿಗೆ ನಂಬೋಕೇ ಆಗುತ್ತಿಲ್ಲ.

ಬಲಗಣ್ಣಿಗೆ ಲೇಸರ್ ಮಾಡಬಹುದು, ಇಲ್ಲ ತಿಂಗಳಿಗೊಂದು ಇಂಜೆಕ್ಷನ್ ಕೊಡಬಹುದು, ನೀವೇ ಯೋಚಿಸಿ ಹೇಳಿ ಅಂದಿದ್ದಾರೆ. ಎಡಗಣ್ಣಿಗೆ ಒಂದು ಟ್ರಯಲ್ (ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ) ನಡೆಯುತ್ತಿದೆ, ಇಷ್ಟ ಇದ್ದರೆ ಸೇರಬಹುದು ಅಂತಲೂ ಹೇಳಿ 19 ಪುಟದ ಒಪ್ಪಿಗೆ ಪತ್ರ ಕೈಗೆ ಕೊಟ್ಟರು. ಮೂರು ರಾತ್ರಿ ಕೂತು ಅಧ್ಯಯನಗಳನ್ನು ಓದಿದೆ. ಒಂದು ಕಡೆ ಇಂಜೆಕ್ಷನ್ ಲೇಸರ್‌ನಷ್ಟೇ ಒಳ್ಳೆಯದು ಅಂತಿದೆ, ಇನ್ನೊಂದು ಕಡೆ ಇಂಜೆಕ್ಷನ್ ಮಾತ್ರ ಪಡೆದವರಲ್ಲಿ ರೆಟಿನಾ ಕಿತ್ತು ಬಂದಿದ್ದು ಜಾಸ್ತಿ ಅಂತಿದೆ. ಎರಡೂ ಹೇಗೆ ನಿಜ ಆಗುತ್ತದೆ? ಈ ವಿಷಯ ಹತ್ತಿರದಿಂದ ನೋಡಿದವರು ದಯವಿಟ್ಟು ಬರೆಯಿರಿ.

ದಾಖಲೆಪುಸ್ತಕ:
ನಾನು ಕಣ್ಣಿನ ಟ್ರಯಲ್‌ಗಳಲ್ಲಿ ರೋಗಿಗಳ ದಾಖಲೆ, ಭೇಟಿಯ ದಿನಾಂಕ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ಹಾಗಾಗಿ ಅಮ್ಮನಿಗೆ ಏನು ಮಾಡಿಸಬೇಕು ಅಂತ ನಾನು ಹೇಳಲ್ಲ. ಆದರೆ ನೀವು ಓದಿದ ಎರಡೂ ನಿಜ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಮೊದಲು, ಅಮ್ಮನ ಎರಡು ಕಣ್ಣಿನ ತೊಂದರೆ ಬೇರೆ ಬೇರೆ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ರೆಟಿನಾದ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಸೋರಿದ್ದು ನಟ್ಟನಡುವಿನ ಮ್ಯಾಕುಲಾದಲ್ಲಿ ನಿಂತರೆ ಊತ, ಅದು ಎಡಗಣ್ಣು. ಮುಚ್ಚಿಹೋದ ಕಡೆ ರೆಟಿನಾಗೆ ಆಮ್ಲಜನಕ ಸಾಲುವುದಿಲ್ಲ. ಆ ಹಸಿದ ಭಾಗ ವಿಇಜಿಎಫ್ ಅನ್ನುವ ಪ್ರೋಟೀನ್ ಬಿಡುಗಡೆ ಮಾಡಿ ಹೊಸ ನಾಳಗಳನ್ನು ಕರೆಯುತ್ತದೆ. ಬರುವ ನಾಳಗಳು ಗಟ್ಟಿ ಇರುವುದಿಲ್ಲ, ಒಡೆದು ಕಣ್ಣೊಳಗೆ ರಕ್ತ ಸುರಿಯುತ್ತದೆ, ಜೊತೆಗೆ ಬೆಳೆಯುವ ಗಾಯದ ಪೊರೆ ರೆಟಿನಾವನ್ನೇ ಎಳೆಯುತ್ತದೆ. ಅದು ಬಲಗಣ್ಣು. ಒಡೆಯುವ ಹಿಂದಿನ ದಿನದವರೆಗೂ ದೃಷ್ಟಿ ಚೆನ್ನಾಗೇ ಇರಬಹುದು, ಅಮ್ಮನಿಗೆ ನಂಬಿಕೆ ಬರದೇ ಇರುವುದು ಸಹಜ.

ಲೇಸರ್‌ಗೆ ಆಧಾರ ಸಿಕ್ಕಿದ್ದು 1970ರ ದಶಕದಲ್ಲಿ, ಅಮೆರಿಕದ ಡಿಆರ್‌ಎಸ್ ಅಧ್ಯಯನದಿಂದ. 1700ಕ್ಕೂ ಹೆಚ್ಚು ಜನ. ಪ್ರತಿಯೊಬ್ಬರಿಗೂ ಒಂದು ಕಣ್ಣಿಗೆ ಲೇಸರ್, ಇನ್ನೊಂದು ಹಾಗೇ. ಯಾವ ಕಣ್ಣಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಿದರು. ಅಂದರೆ ಅದೇ ಮನುಷ್ಯ, ಅದೇ ಶುಗರ್, ಅದೇ ಬಿಪಿ, ವ್ಯತ್ಯಾಸ ಲೇಸರ್ ಒಂದೇ. ತೀವ್ರವಾಗಿ ದೃಷ್ಟಿ ಹೋಗುವುದು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. 1976ರಲ್ಲೇ ಫಲಿತಾಂಶ ಎಷ್ಟು ಸ್ಪಷ್ಟ ಇತ್ತೆಂದರೆ, ಹಾಗೇ ಬಿಟ್ಟಿದ್ದ ಕಣ್ಣುಗಳಲ್ಲಿ ಅಪಾಯ ಜಾಸ್ತಿ ಇದ್ದವಕ್ಕೂ ಲೇಸರ್ ಮಾಡಲು ನಿಯಮ ಬದಲಿಸಿದರು. ಆ ಮೊದಲ ವರ್ಷಗಳಲ್ಲಿ ಒಂದು ಕಣ್ಣನ್ನು ಚಿಕಿತ್ಸೆ ಇಲ್ಲದೆ ಬಿಟ್ಟುಕೊಟ್ಟ ಜನರನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಇವತ್ತು ನಮಗೆ ಸಿಗುವ ಲೇಸರ್ ಅವರಿಂದ ಬಂದಿದ್ದು.

ಲೇಸರ್ ಮಾಡುವುದು ಹಸಿದ ಅಂಚಿನ ಭಾಗವನ್ನು ಸುಡುವ ಕೆಲಸ. ಅಲ್ಲಿ ಬೇಡಿಕೆ ಕಡಿಮೆ ಆದರೆ ವಿಇಜಿಎಫ್ ಇಳಿಯುತ್ತದೆ, ಹೊಸ ನಾಳಗಳು ಬಾಡುತ್ತವೆ. ಸುಟ್ಟ ಜಾಗ ಮಾತ್ರ ವಾಪಸ್ ಬರಲ್ಲ. ಪಕ್ಕದ ನೋಟ ಸ್ವಲ್ಪ ಕಡಿಮೆ ಆಗಬಹುದು, ಕತ್ತಲಲ್ಲಿ ಕಷ್ಟ ಆಗಬಹುದು. ಇಂಜೆಕ್ಷನ್ ಏನನ್ನೂ ಸುಡುವುದಿಲ್ಲ, ವಿಇಜಿಎಫ್ ಅನ್ನು ಹಿಡಿದಿಡುತ್ತದೆ ಅಷ್ಟೇ. ಔಷಧಿ ಇಳಿದ ಮೇಲೆ ಹಸಿವು ಹಾಗೇ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮುಂದಿನದನ್ನು ರಾತ್ರಿ ಬರೆಯುತ್ತೇನೆ.

ಎಡಗಣ್ಣು:
ನಾನು ಮ್ಯಾಕುಲಾ ಊತದ ಟ್ರಯಲ್ ಒಂದರಲ್ಲಿ ಎರಡು ವರ್ಷ ಇದ್ದೆ. ರೋಗಿಯಾಗಿ ಒಳಗೆ ಹೇಗಿರುತ್ತದೆ ಅಂತ ಹೇಳುತ್ತೇನೆ ಅಕ್ಕಾ, ಪೇಪರ್‌ನಲ್ಲಿ ಇದು ಸಿಗಲ್ಲ.

ಹೋದ ತಕ್ಷಣ ಅಕ್ಷರದ ಬೋರ್ಡ್ ಓದಿಸುತ್ತಾರೆ. ಮಾಮೂಲಿ ಬೋರ್ಡ್ ಅಲ್ಲ, ಪ್ರತಿ ಸಾಲಿನಲ್ಲೂ ಐದೇ ಅಕ್ಷರ, ನಾಲ್ಕು ಮೀಟರ್ ದೂರದಲ್ಲಿ ಕೂರಿಸುತ್ತಾರೆ. ಗೊತ್ತಾಗದಿದ್ದರೂ ಊಹೆ ಮಾಡಿ ಹೇಳಿ ಅಂತ ಒತ್ತಾಯ ಮಾಡುತ್ತಾರೆ. ಪೇಪರ್‌ನಲ್ಲಿ 'ಎಂಟು ಅಕ್ಷರ ಹೆಚ್ಚಾಯಿತು' ಅಂತ ಬರೆದಿರುವುದು ಇದೇ ಅಕ್ಷರಗಳ ಲೆಕ್ಕ. ಐದು ಅಕ್ಷರ ಅಂದರೆ ಒಂದು ಸಾಲು. ಹದಿನೈದು ಅಂದರೆ ಮೂರು ಸಾಲು, ಅದು ನಿಜವಾಗಿ ಬದುಕು ಬದಲಾಗುವಷ್ಟು.

ಆಮೇಲೆ ಸ್ಕ್ಯಾನ್. ಆಮೇಲೆ ಕಂದು ಬಣ್ಣದ ಅಯೋಡಿನ್ ಡ್ರಾಪ್ಸ್, ಅದು ಉರಿಯುತ್ತದೆ, ನನಗೆ ಸೂಜಿಗಿಂತ ಅದೇ ಕಷ್ಟ. ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್. ಪಕ್ಕಕ್ಕೆ ನೋಡಿ ಅನ್ನುತ್ತಾರೆ, ಒತ್ತಿದ ಹಾಗೆ ಆಗುತ್ತದೆ, ಮುಗಿಯಿತು. ಎರಡು ಸೆಕೆಂಡ್. ನಮ್ಮ ಟ್ರಯಲ್‌ನಲ್ಲಿ ಕೆಲವು ತಿಂಗಳು ಸುಳ್ಳು ಇಂಜೆಕ್ಷನ್ ಕೂಡ ಇತ್ತು. ಸೂಜಿ ಇಲ್ಲದ ಸಿರಿಂಜ್‌ನ ತುದಿಯನ್ನು ಕಣ್ಣಿನ ಮೇಲೆ ಒತ್ತುತ್ತಾರೆ. ಉಳಿದ ತಯಾರಿಯೆಲ್ಲ ಒಂದೇ ಥರ, ಅಯೋಡಿನ್ ಕೂಡ. ಯಾವ ತಿಂಗಳು ಯಾವುದು ಅಂತ ನನಗೆ ಗೊತ್ತಾಗಲೇ ಇಲ್ಲ. ಇದನ್ನು ಒಪ್ಪಿಗೆ ಪತ್ರದಲ್ಲಿ ಮೊದಲೇ ಬರೆದಿರುತ್ತಾರೆ, ಹುಡುಕಿ ಓದಿ. ಅಮ್ಮನಿಗೂ ಓದಿ ಹೇಳಿ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಹೊಂಗೆನೆರಳು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಸೂಜಿ ಇಲ್ಲದ ಸಿರಿಂಜ್ ವಿಷಯ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊತ ಜಾಸ್ತಿ ಆದರೆ ಆಗಲೂ ಸುಳ್ಳು ಇಂಜೆಕ್ಷನ್ನೇ ಕೊಡುತ್ತಾರಾ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ದಾಖಲೆಪುಸ್ತಕ:
ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಒಳ್ಳೆಯ ಟ್ರಯಲ್‌ನಲ್ಲಿ, ಇಷ್ಟು ಅಕ್ಷರ ಕಡಿಮೆ ಆದರೆ ಅಥವಾ ಸ್ಕ್ಯಾನ್‌ನಲ್ಲಿ ರೆಟಿನಾದ ದಪ್ಪ ಇಷ್ಟು ಜಾಸ್ತಿ ಆದರೆ ನಿಜವಾದ ಚಿಕಿತ್ಸೆ ಕೊಡಲೇಬೇಕು ಅಂತ ಮೊದಲೇ ಬರೆದಿರುತ್ತಾರೆ. ಅದು ಎಷ್ಟು ಅಂತ ಅಲ್ಲಿನ ಡಾಕ್ಟರ್ ಹತ್ತಿರ ಸಂಖ್ಯೆಯಲ್ಲೇ ಕೇಳಿ.

ಈಗ ಬಲಗಣ್ಣು. ನೀವು ಓದಿದ್ದು ಪ್ರೋಟೋಕಾಲ್ ಎಸ್ ಇರಬೇಕು. ಡಿಆರ್‌ಸಿಆರ್ ಅಂತ 2002ರಲ್ಲಿ ಶುರುವಾದ, ಶುಗರ್‌ನಿಂದ ಬರುವ ಕಣ್ಣಿನ ತೊಂದರೆಗಳ ಟ್ರಯಲ್ ನಡೆಸುವ ಒಂದು ಜಾಲ (ತನ್ನ ಅಧ್ಯಯನಗಳಿಗೆ ಪ್ರೋಟೋಕಾಲ್ ಅಂತ ಅಕ್ಷರದ ಹೆಸರು ಇಡುತ್ತದೆ), ಈ ಕ್ಷೇತ್ರದ ದೊಡ್ಡ ಪ್ರಶ್ನೆಗಳಿಗೆ ಉತ್ತರ ಬಂದಿದ್ದು ಬಹುಪಾಲು ಅಲ್ಲಿಂದ. 2015ರಲ್ಲಿ ಬಂದ ಆ ಅಧ್ಯಯನದಲ್ಲಿ 305 ಜನ, 394 ಕಣ್ಣು. ಕೆಲವಕ್ಕೆ ಲೇಸರ್, ಕೆಲವಕ್ಕೆ ರಾನಿಬಿಝುಮ್ಯಾಬ್ ಇಂಜೆಕ್ಷನ್. ಎರಡು ವರ್ಷದ ಕೊನೆಗೆ ಇಂಜೆಕ್ಷನ್ ಲೇಸರ್‌ಗಿಂತ ಕಡಿಮೆ ಇಲ್ಲ ಅಂತ ಗೊತ್ತಾಯಿತು. 'ಕಡಿಮೆ ಇಲ್ಲ' ಅನ್ನುವುದಕ್ಕೆ ಇಲ್ಲಿ ಖಚಿತ ಅರ್ಥ ಇದೆ. ಎಷ್ಟು ಅಕ್ಷರದ ವ್ಯತ್ಯಾಸವನ್ನು ಸಹಿಸಬಹುದು ಅಂತ ಮೊದಲೇ ಗೆರೆ ಹಾಕಿಕೊಂಡು, ಆ ಗೆರೆ ದಾಟಿಲ್ಲ ಅಂತ ತೋರಿಸುವುದು. ಕೆಲವು ವಿಷಯದಲ್ಲಿ ಇಂಜೆಕ್ಷನ್ ಮುಂದೇ ಇತ್ತು. ಲೇಸರ್ ಆದವರಲ್ಲಿ 28% ಕಣ್ಣಿಗೆ ಆಮೇಲೆ ಮ್ಯಾಕುಲಾ ಊತ ಬಂತು, ಇಂಜೆಕ್ಷನ್ ಕಡೆ 9%. ಕಣ್ಣೊಳಗಿನ ಆಪರೇಷನ್ ಬೇಕಾಗಿದ್ದು 15%, ಇಂಜೆಕ್ಷನ್ ಕಡೆ 4%. ಪಕ್ಕದ ನೋಟವೂ ಇಂಜೆಕ್ಷನ್ ಕಡೆ ಚೆನ್ನಾಗಿ ಉಳಿಯಿತು.

ಇಷ್ಟು ಓದಿದರೆ ಇಂಜೆಕ್ಷನ್ನೇ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಇದು ಹೇಳಿದ ದಿನ ತಪ್ಪದೆ ಬಂದವರ ಲೆಕ್ಕ. ಟ್ರಯಲ್‌ನಲ್ಲಿ ನನ್ನಂಥವರು ಇರುತ್ತೇವೆ. ಭೇಟಿಗೆ ಮೂರು ದಿನ ಮುಂಚೆ ಫೋನ್ ಮಾಡುತ್ತೇವೆ, ಬರದಿದ್ದರೆ ಅದೇ ಸಂಜೆ ಮತ್ತೆ ಮಾಡುತ್ತೇವೆ, ಮಗನಿಗೆ ಮಾಡುತ್ತೇವೆ, ಸೊಸೆಗೆ ಮಾಡುತ್ತೇವೆ. ಮಾಮೂಲಿ ಚಿಕಿತ್ಸೆಯಲ್ಲಿ ಆ ಫೋನ್ ಬರುವುದಿಲ್ಲ.

ನೀವು ಓದಿದ ಎರಡನೆಯದು 2019ರದ್ದು. ಅದು ಚೀಟಿ ಎತ್ತಿ ಮಾಡಿದ ಅಧ್ಯಯನ ಅಲ್ಲ, ಹಳೆಯ ದಾಖಲೆ ತೆಗೆದು ನೋಡಿದ್ದು, ಅದೂ ಚಿಕ್ಕದು, 76 ಕಣ್ಣು. ಎಲ್ಲರೂ ಚಿಕಿತ್ಸೆ ಆದ ಮೇಲೆ ಆರು ತಿಂಗಳಿಗಿಂತ ಜಾಸ್ತಿ ಕಾಣೆಯಾಗಿ ಮತ್ತೆ ಬಂದವರು. ಲೇಸರ್ ಆಗಿದ್ದ 46 ಕಣ್ಣಲ್ಲಿ ರೆಟಿನಾ ಎಳೆದು ಕಿತ್ತುಕೊಂಡಿದ್ದು ಒಂದು. ಇಂಜೆಕ್ಷನ್ ಮಾತ್ರ ಆಗಿದ್ದ 30 ಕಣ್ಣಲ್ಲಿ ಹತ್ತು.

ನೋಡಿ, ಎರಡು ಅಧ್ಯಯನಕ್ಕೂ ಜಗಳವೇ ಇಲ್ಲ. ಒಂದು ಬಂದವರ ಬಗ್ಗೆ, ಇನ್ನೊಂದು ಬರದೇ ಹೋದವರ ಬಗ್ಗೆ.

ಮೂರನೇಮಗ:
ಬರದೇ ಹೋದವರಲ್ಲಿ ನಮ್ಮ ಅಪ್ಪ ಒಬ್ಬರು. ಇದನ್ನು ಬರೆಯಲೇಬೇಕು ಅನ್ನಿಸಿತು.

ಅವರಿಗೆ ನಾಲ್ಕು ಇಂಜೆಕ್ಷನ್ ಆಗಿತ್ತು. ಹೊಸ ನಾಳಗಳೆಲ್ಲ ಬಾಡಿವೆ, ತುಂಬಾ ಚೆನ್ನಾಗಿದೆ ಅಂದರು ಅಲ್ಲಿ. ಚೆನ್ನಾಗಿದೆ ಅಂದಿದ್ದನ್ನು ನಾವು ಗುಣ ಆಯಿತು ಅಂತ ಕೇಳಿಸಿಕೊಂಡೆವು. ಅಷ್ಟರಲ್ಲಿ ಅಪ್ಪನ ಕಾಲಿಗೆ ಗಾಯ ಆಗಿ ಅದರ ಓಡಾಟ ಶುರುವಾಯಿತು. ಏಳು ತಿಂಗಳು ಕಣ್ಣಿನ ಕಡೆ ಹೋಗಲೇ ಇಲ್ಲ. ಯಾರೂ ಬೇಕಂತ ಮಾಡಿದ್ದಲ್ಲ. ಆಸ್ಪತ್ರೆಯವರು ಕೂಡ ಒಂದು ಸಲವೂ ಕೇಳಲಿಲ್ಲ, ಮುಂದಿನ ದಿನಾಂಕ ಬರೆದ ಚೀಟಿ ಅಪ್ಪನ ಶರ್ಟ್ ಜೇಬಿನಲ್ಲಿ ಒಗೆದು ಮುದ್ದೆಯಾಗಿತ್ತು. ಒಂದು ಬೆಳಿಗ್ಗೆ, ಕಣ್ಣಲ್ಲಿ ಹೊಗೆ ಆಡಿದ ಹಾಗೆ ಆಗುತ್ತಿದೆ ಅಂದರು. ಮಧ್ಯಾಹ್ನಕ್ಕೆ ಕೆಂಪು ಪರದೆ. ಆಪರೇಷನ್ ಆಯಿತು. ಈಗ ಆ ಕಣ್ಣಲ್ಲಿ ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಇಂಜೆಕ್ಷನ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಬಿಟ್ಟರೆ ಏನಾಗುತ್ತದೆ ಅಂತ ಯಾರಾದರೂ ಆ ಮೊದಲ ದಿನವೇ ನೇರವಾಗಿ ಹೇಳಿದ್ದರೆ ಕಾಲಿನ ಡಾಕ್ಟರ್ ಹತ್ತಿರ ಹೋಗುವ ದಾರಿಯಲ್ಲೇ ಕಣ್ಣಿನ ಕಡೆಗೂ ಹೋಗಿ ಬರುತ್ತಿದ್ದೆವು.

ಎಡಗಣ್ಣು:
ಮೂರನೇಮಗ ಅವರೇ, ಓದಿ ತುಂಬಾ ಬೇಜಾರಾಯಿತು. ಬರೆದಿದ್ದು ಒಳ್ಳೆಯದಾಯಿತು. ನಾನೂ ಟ್ರಯಲ್ ಮುಗಿದ ಮೇಲೆ ಎರಡು ಭೇಟಿ ತಪ್ಪಿಸಿದ್ದೆ, ನಾಳೆಯೇ ಫೋನ್ ಮಾಡುತ್ತೇನೆ.

ಹಗಲುಬೆಳಕು:
ನನಗೊಂದು ಸಂದೇಹ. ನನಗೂ ಶುಗರ್ ಇದೆ, ರೆಟಿನಾದಲ್ಲಿ ಶುರುವಿನ ಬದಲಾವಣೆ ಇದೆ ಅಂದಿದ್ದಾರೆ, ದೃಷ್ಟಿ ಪೂರ್ತಿ ಚೆನ್ನಾಗಿದೆ. ಇಷ್ಟೆಲ್ಲ ಆಗುವ ಮುಂಚೆಯೇ ಇಂಜೆಕ್ಷನ್ ಶುರು ಮಾಡಿಬಿಟ್ಟರೆ ಆಗಲ್ವಾ? ಯಾಕೆ ಕಾಯಬೇಕು?

ದಾಖಲೆಪುಸ್ತಕ:
ಇದನ್ನೇ ಕೇಳಿ ಮಾಡಿದ ಅಧ್ಯಯನ ಪ್ರೋಟೋಕಾಲ್ ಡಬ್ಲ್ಯೂ. ಹೊಸ ನಾಳ ಇನ್ನೂ ಬಂದಿಲ್ಲ, ಆದರೆ ರೆಟಿನಾ ಸಾಕಷ್ಟು ಹಾಳಾಗಿದೆ, ಅಂಥ ಕಣ್ಣುಗಳಿಗೆ ಅಫ್ಲಿಬರ್ಸೆಪ್ಟ್ (ಇದೂ ವಿಇಜಿಎಫ್ ತಡೆಯುವ ಇಂಜೆಕ್ಷನ್) ಕೊಟ್ಟು ನಾಲ್ಕು ವರ್ಷ ನೋಡಿದರು. ಹೊಸ ನಾಳ ಅಥವಾ ದೃಷ್ಟಿ ಕೆಡಿಸುವ ಊತ ಬಂದಿದ್ದು ಇಂಜೆಕ್ಷನ್ ಕಡೆ ಸುಮಾರು 34%, ಸುಳ್ಳು ಇಂಜೆಕ್ಷನ್ ಕಡೆ ಸುಮಾರು 57%. ದೊಡ್ಡ ವ್ಯತ್ಯಾಸ. ಆದರೆ ನಾಲ್ಕು ವರ್ಷದ ಕೊನೆಗೆ ಬೋರ್ಡ್ ಮುಂದೆ ಕೂರಿಸಿ ಓದಿಸಿದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಎರಡು ಮೂರು ಅಕ್ಷರ ಕಡಿಮೆ ಆಗಿತ್ತು ಅಷ್ಟೇ. ಯಾಕೆಂದರೆ ಇನ್ನೊಂದು ಕಡೆಯವರನ್ನೂ ಕಣ್ಣಿಟ್ಟು ನೋಡುತ್ತಿದ್ದರು, ತೊಂದರೆ ಶುರುವಾದ ಕೂಡಲೇ ಚಿಕಿತ್ಸೆ ಕೊಟ್ಟರು. ಸ್ಕ್ಯಾನ್ ಸುಧಾರಿಸುವುದು ಬೇರೆ, ಓದೋಕೆ ಆಗುವುದು ಬೇರೆ. ಯಾವ ಅಧ್ಯಯನ ಓದಿದರೂ ಮೊದಲು ಅಕ್ಷರದ ಲೆಕ್ಕ ಹುಡುಕಿ ಅಂತ ನಾನು ಹೇಳುವುದು ಇದಕ್ಕೇ.

ಊತದಲ್ಲೂ ಹೀಗೇ ಒಂದಿದೆ. ಮ್ಯಾಕುಲಾದ ನಡುವೆ ಊತ ಇದೆ, ಆದರೆ 20/25 (20/20 ಅಂದರೆ ಮಾಮೂಲಿ ದೃಷ್ಟಿ, ಎರಡನೇ ಅಂಕಿ ದೊಡ್ಡದಾದಷ್ಟೂ ದೃಷ್ಟಿ ಕಡಿಮೆ) ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ, ಅಂಥ 702 ಜನರ ಮೇಲೆ ಪ್ರೋಟೋಕಾಲ್ ವಿ, 2019. ಕೂಡಲೇ ಇಂಜೆಕ್ಷನ್, ಕೂಡಲೇ ಲೇಸರ್, ಅಥವಾ ಬರೀ ಕಾದು ನೋಡುವುದು. ಎರಡು ವರ್ಷದಲ್ಲಿ ಐದು ಅಕ್ಷರ ಅಥವಾ ಜಾಸ್ತಿ ಕಳೆದುಕೊಂಡವರು 16%, 17%, 19%. ವ್ಯತ್ಯಾಸ ಇಲ್ಲ ಅಂತಲೇ ಅರ್ಥ. ಕಾದು ನೋಡಿದ ಕಡೆ ಮೂರರಲ್ಲಿ ಒಬ್ಬರಿಗೆ ಮಾತ್ರ ಆಮೇಲೆ ಇಂಜೆಕ್ಷನ್ ಬೇಕಾಯಿತು. ಇಲ್ಲೂ ಅಷ್ಟೇ, ಕಾಯುವುದು ಅಂದರೆ ತಪ್ಪದೆ ಹೋಗಿ ತೋರಿಸುತ್ತಾ ಕಾಯುವುದು.

ಹೊಂಗೆನೆರಳು:
ಎಡಗಣ್ಣಿಗೆ ಯಾವ ಔಷಧಿ ಅನ್ನುವುದು ಇನ್ನೊಂದು ತಲೆನೋವು. ಮೂರು ನಾಲ್ಕು ಹೆಸರು ಹೇಳುತ್ತಾರೆ. ಅಮ್ಮನ ಎಡಗಣ್ಣು ಈಗ 20/60 ಅಂತ ಬರೆದಿದ್ದಾರೆ.

ದಾಖಲೆಪುಸ್ತಕ:
ಮೂರು ಔಷಧಿಯನ್ನು ಎದುರೆದುರು ಇಟ್ಟು ನೋಡಿದ್ದು ಪ್ರೋಟೋಕಾಲ್ ಟಿ, 2015, 660 ಜನ. ಊತ ಇದ್ದರೂ ದೃಷ್ಟಿ ತಕ್ಕಮಟ್ಟಿಗೆ ಇದ್ದವರಲ್ಲಿ ಮೂರೂ ಒಂದೇ, ಸುಮಾರು ಎಂಟು ಅಕ್ಷರ ಹೆಚ್ಚಾಯಿತು. 20/50 ಅಥವಾ ಅದಕ್ಕಿಂತ ಕೆಟ್ಟದಾಗಿ ಶುರುವಾದವರಲ್ಲಿ, ಅಂದರೆ ನಿಮ್ಮ ಅಮ್ಮನಂಥವರಲ್ಲಿ, ಒಂದು ವರ್ಷಕ್ಕೆ ಅಫ್ಲಿಬರ್ಸೆಪ್ಟ್ ಸುಮಾರು 19 ಅಕ್ಷರ, ರಾನಿಬಿಝುಮ್ಯಾಬ್ 14, ಬೆವಾಸಿಝುಮ್ಯಾಬ್ 12. ಎರಡನೇ ವರ್ಷಕ್ಕೆ ಮೊದಲೆರಡರ ನಡುವಿನ ಅಂತರ ಲೆಕ್ಕಕ್ಕೆ ಬರುವಷ್ಟು ಉಳಿಯಲಿಲ್ಲ. ಮೊದಲ ವರ್ಷ ಒಂಬತ್ತು ಹತ್ತು ಇಂಜೆಕ್ಷನ್, ಎರಡನೇ ವರ್ಷ ಐದಾರು. ಕಾಲ ಹೋದ ಹಾಗೆ ಕಡಿಮೆ ಆಗುತ್ತದೆ, ಇದನ್ನು ಅಮ್ಮನಿಗೆ ಹೇಳಿ, ಧೈರ್ಯ ಬರುತ್ತದೆ.

ಬೆವಾಸಿಝುಮ್ಯಾಬ್ ಕ್ಯಾನ್ಸರ್‌ಗೆ ಬಂದ ಔಷಧಿ, ಅದನ್ನು ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಕೊಡೋಕೆ 2005ರಲ್ಲಿ ಶುರು ಮಾಡಿದರು. ಖರ್ಚು ತುಂಬಾ ಕಡಿಮೆ. ಮೊದಲು ಅದನ್ನೇ ಕೊಟ್ಟು, ಸಾಲದಿದ್ದರೆ ಅಫ್ಲಿಬರ್ಸೆಪ್ಟ್‌ಗೆ ಬದಲಿಸಿದರೆ ನಷ್ಟ ಆಗುತ್ತದಾ ಅಂತ 2022ರಲ್ಲಿ ಪ್ರೋಟೋಕಾಲ್ ಎಸಿ ನೋಡಿತು. 70% ಕಣ್ಣುಗಳಿಗೆ ಬದಲಿಸಬೇಕಾಯಿತು, ಆದರೆ ಎರಡು ವರ್ಷದಲ್ಲಿ ದೃಷ್ಟಿ ಎರಡೂ ಕಡೆ ಒಂದೇ ಥರ ಸುಧಾರಿಸಿತು. ಹಾಗಾಗಿ ಖರ್ಚಿನ ಚಿಂತೆ ಇರುವವರು ಅಗ್ಗದ್ದರಿಂದ ಶುರು ಮಾಡಿದೆವಲ್ಲ ಅಂತ ಕೊರಗಬೇಕಾಗಿಲ್ಲ. ಬದಲಿಸಬೇಕಾದಾಗ ಬದಲಿಸಬೇಕು ಅಷ್ಟೇ.

ಹೊಸದಾಗಿ ಬಂದ ಫಾರಿಸಿಮ್ಯಾಬ್ ವಿಇಜಿಎಫ್ ಜೊತೆಗೆ ಇನ್ನೊಂದು ಪ್ರೋಟೀನನ್ನೂ ತಡೆಯುತ್ತದೆ. ಅದರದ್ದು, ಮತ್ತೆ 8 ಮಿಲಿಗ್ರಾಂನ ಅಫ್ಲಿಬರ್ಸೆಪ್ಟ್‌ದು, ಮುಖ್ಯ ಲಾಭ ಅಕ್ಷರದಲ್ಲಿ ಅಲ್ಲ, ಎರಡು ಇಂಜೆಕ್ಷನ್ ನಡುವಿನ ಅಂತರದಲ್ಲಿ. ಒಗ್ಗಿದವರಿಗೆ ನಾಲ್ಕು ತಿಂಗಳವರೆಗೂ ಎಳೆಯಬಹುದು. ಮೂರನೇಮಗ ಅವರ ಅಪ್ಪನ ಕಥೆ ಓದಿದ ಮೇಲೆ, ಆ ಅಂತರ ಯಾಕೆ ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಕ್ಕರೆಲೆಕ್ಕ:
ನನಗೆ ಹದಿಮೂರನೇ ವಯಸ್ಸಿನಿಂದ ಟೈಪ್ 1. ಒಂದು ಮಾತು ಸೇರಿಸುತ್ತೇನೆ. ಕಣ್ಣಿನ ಚರ್ಚೆಯಲ್ಲಿ ಶುಗರ್, ಬಿಪಿ ಬಿಟ್ಟುಹೋಗುತ್ತದೆ. ಟೈಪ್ 1 ಇದ್ದವರ ಮೇಲೆ ಮಾಡಿದ 1993ರ ಡಿಸಿಸಿಟಿ ಅಧ್ಯಯನದಲ್ಲಿ ಶುಗರ್ ಬಿಗಿಯಾಗಿ ಇಟ್ಟುಕೊಂಡವರಲ್ಲಿ ರೆಟಿನಾ ತೊಂದರೆ ಹೊಸದಾಗಿ ಬರುವುದು 76% ಕಡಿಮೆ ಆಯಿತು. ಟೈಪ್ 2ರಲ್ಲಿ ಬಿಪಿ ಹತೋಟಿ ಕೂಡ ಕಣ್ಣು ಉಳಿಸುತ್ತದೆ ಅಂತ 1998ರಲ್ಲಿ ಯುಕೆಪಿಡಿಎಸ್ ಅಧ್ಯಯನ ತೋರಿಸಿತು.

ಆದರೆ ತುಂಬಾ ಜಾಸ್ತಿ ಇದ್ದ ಶುಗರ್ ಅನ್ನು ಒಮ್ಮೆಲೇ ಇಳಿಸಿದರೆ ಶುರುವಿನಲ್ಲಿ ಕಣ್ಣು ಸ್ವಲ್ಪ ಕೆಡಬಹುದು, ಡಿಸಿಸಿಟಿಯಲ್ಲೇ ಅದು ಕಂಡಿತ್ತು. 2016ರಲ್ಲಿ ಸೆಮಾಗ್ಲುಟೈಡ್ ಅನ್ನುವ ಶುಗರ್ ಔಷಧಿಯ ಅಧ್ಯಯನದಲ್ಲಿ ಕಣ್ಣಿನ ತೊಂದರೆ 3% ಜನರಿಗೆ ಬಂತು, ಔಷಧಿ ಇಲ್ಲದ ಕಡೆ 1.8%. ಒಮ್ಮೆಲೇ ಇಳಿದಿದ್ದೇ ಬಹುಪಾಲು ಕಾರಣ ಅನ್ನುತ್ತಾರೆ. ಹೆದರಿ ಶುಗರ್ ಇಳಿಸದೇ ಇರಬೇಡಿ, ದೀರ್ಘಕಾಲದಲ್ಲಿ ಲಾಭವೇ. ಹೊಸ ಔಷಧಿ ಶುರು ಮಾಡುವ ಮುಂಚೆ ಕಣ್ಣು ತೋರಿಸಿ, ಆಮೇಲೂ ಬೇಗ ಬೇಗ ತೋರಿಸಿ.

ಹಗಲುಬೆಳಕು ಅವರೇ, ನಿಮ್ಮ ಹಂತದವರಿಗೆ ಮಾತ್ರೆಯ ಅಧ್ಯಯನವೂ ಇದೆ. ಫೆನೋಫೈಬ್ರೇಟ್ ಅಂತ, ಕೊಬ್ಬಿಗೆ ಕೊಡುವ ಹಳೆಯ ಮಾತ್ರೆ. 2024ರಲ್ಲಿ ಸ್ಕಾಟ್ಲೆಂಡಿನ ಲೆನ್ಸ್ ಟ್ರಯಲ್, 1151 ಜನ. ತಜ್ಞರಿಗೆ ಕಳಿಸುವಷ್ಟು ಕೆಟ್ಟಿದ್ದು ಅಥವಾ ಚಿಕಿತ್ಸೆ ಬೇಕಾಗಿದ್ದು ಮಾತ್ರೆ ತಗೊಂಡವರಲ್ಲಿ 22.7%, ಇಲ್ಲದವರಲ್ಲಿ 29.2%. ಕಿಡ್ನಿ ನೋಡಿಕೊಂಡು ಕೊಡಬೇಕಾದ ಮಾತ್ರೆ, ಸುಮ್ನೆ ತಂದು ನುಂಗಬೇಡಿ, ಡಾಕ್ಟರ್ ಹತ್ತಿರ ಹೆಸರು ಹೇಳಿ ಕೇಳಿ.

ಮೂರನೇಮಗ:
ಹೊಂಗೆನೆರಳು ಅಕ್ಕಾ, ಒಂದು ಕೇಳಲಾ? ಅಮ್ಮನ ಜೊತೆ ಪ್ರತಿ ಸಲ ಹೋಗುವವರು ಯಾರು? ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು, ಒಬ್ಬರೇ ವಾಪಸ್ ಬರೋಕೆ ಆಗಲ್ಲ.

ಹೊಂಗೆನೆರಳು:
ನಾನು. ನನಗೆ ಶಿಫ್ಟ್ ಕೆಲಸ. ಆಗದಿದ್ದಾಗ ತಮ್ಮ, ಆದರೆ ಅವನು ವರ್ಷದಲ್ಲಿ ಅರ್ಧದಷ್ಟು ದಿನ ಊರಲ್ಲೇ ಇರುವುದಿಲ್ಲ. ನೀವು ಕೇಳಿದ ಮೇಲೆ ನಾವು ಮೂವರೂ ಕೂತು ಬರುವ ಹನ್ನೆರಡು ತಿಂಗಳ ಕ್ಯಾಲೆಂಡರ್ ತೆಗೆದೆವು. ಮೊದಲ ಐದು ತಿಂಗಳು ಖಂಡಿತ ಆಗುತ್ತದೆ. ಆಮೇಲೆ ಎಲ್ಲಾ ಅನುಮಾನ. ಪ್ರಾಮಾಣಿಕವಾಗಿ ನೋಡಿದರೆ ಅಷ್ಟೇ.

ಹೊಂಗೆನೆರಳು (ಮೂರು ವಾರದ ನಂತರ):
ಏನಾಯಿತು ಅಂತ ಹೇಳುತ್ತೇನೆ. ಬಲಗಣ್ಣಿಗೆ ಲೇಸರ್ ಅಂತ ಅಮ್ಮನೇ ತೀರ್ಮಾನ ಮಾಡಿದರು. ಕ್ಯಾಲೆಂಡರ್ ತೋರಿಸಿದಾಗ ಡಾಕ್ಟರ್ ಕೂಡ ಇದು ಸರಿ ಅಂದರು. ಮೊದಲ ಸಲ ಮುಗಿದಿದೆ, ಹಸಿರು ಮಿಂಚು ಹೊಡೆದ ಹಾಗೆ ಇತ್ತಂತೆ, ಕೊನೆಗೆ ಸ್ವಲ್ಪ ನೋವು. ಇನ್ನೊಂದು ಸಲ ಬಾಕಿ ಇದೆ.

ಟ್ರಯಲ್‌ಗೆ ಸೇರೋಣ ಅಂತಲೇ ಹೋದೆವು. ಅಮ್ಮ ಒಪ್ಪಿಗೆ ಪತ್ರದ ಒಂದೊಂದು ಪುಟವನ್ನೂ ನನ್ನಿಂದ ಓದಿಸಿಕೊಂಡಿದ್ದರು. ಆದರೆ ಅವತ್ತು ಬಿಪಿ 184/112, ಅದಕ್ಕೆ ತಗೊಳ್ಳಲಿಲ್ಲ. ಅಮ್ಮನಿಗೆ ಪರೀಕ್ಷೆಯಲ್ಲಿ ಫೇಲ್ ಆದಷ್ಟು ಬೇಸರ.

ದಾಖಲೆಪುಸ್ತಕ:
ಅಮ್ಮನಿಗೆ ಹೇಳಿ, ಅದು ಅವರನ್ನು ಕಾಪಾಡುವುದಕ್ಕೆ ಇರುವ ನಿಯಮ. ಬಿಪಿ ಇಷ್ಟು ಜಾಸ್ತಿ ಇರುವವರು, ಈಚೆಗೆ ಹೃದಯಾಘಾತ ಅಥವಾ ಸ್ಟ್ರೋಕ್ ಆದವರು ಬಹಳ ಟ್ರಯಲ್‌ಗಳಲ್ಲಿ ಇರುವುದಿಲ್ಲ. ನಾವು ಇಷ್ಟು ದಿನ ಇಲ್ಲಿ ಬರೆದ ಅಂಕಿಗಳೂ ಹಾಗೆ ಆರಿಸಿದ ಜನರದ್ದೇ, ಇದನ್ನು ನಾನು ಮೊದಲೇ ಹೇಳಬೇಕಿತ್ತು. ಬಿಪಿಗೆ ಏನು ಮಾಡಿದಿರಿ?

ಹೊಂಗೆನೆರಳು:
ಮಾತ್ರೆ ಬದಲಿಸಿದ್ದಾರೆ, ನಿನ್ನೆ 142/86. ಎಡಗಣ್ಣಿಗೆ ಮಾಮೂಲಿ ಚಿಕಿತ್ಸೆಯಲ್ಲೇ ಮೊದಲ ಇಂಜೆಕ್ಷನ್ ಆಯಿತು. ಅಯೋಡಿನ್ ಉರಿಯುತ್ತದೆ ಅಂತ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ, ಎಡಗಣ್ಣು ಅವರಿಗೆ ಅಮ್ಮನ ಥ್ಯಾಂಕ್ಸ್. ನೋವು, ಕೆಂಪು ಜಾಸ್ತಿ ಆದರೆ ಅಥವಾ ದೃಷ್ಟಿ ಇಳಿದರೆ ರಾತ್ರಿಯಾದರೂ ಬನ್ನಿ ಅಂದಿದ್ದಾರೆ, ಸೋಂಕು ಅಪರೂಪ ಆದರೂ ಬಂದರೆ ಗಂಟೆಗಳ ಲೆಕ್ಕವಂತೆ. ಮುಂದಿನ ದಿನಾಂಕ ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದೇನೆ. ತಮ್ಮನ ಫೋನ್‌ನಲ್ಲಿ, ನನ್ನ ಫೋನ್‌ನಲ್ಲಿ ಅಲಾರಂ ಇದೆ. 28 ದಿನ.